ಹಿಂದೀ ಪ್ರಣಯಚಿತ್ರಗಳಲ್ಲಿ ಗೋವೆ: ಕಂಡದ್ದು ಮತ್ತು ಕೇಳಿದ್ದು

ಹಿಂದೀ ಚಲಚ್ಚಿತ್ರಗಳ ಪ್ರೇಮಗೀತೆಗಳ ವಿಷಯದಲ್ಲಿ ನಮ್ಮವರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬೇರೂರಿವೆ. ಹಿರಿಯರ ಪಾಲಿಗೆ ಅವು ಹುಡುಗರ ತಲೆ ಕೆಡಿಸುವ ಹಗುರ ಹಾಡುಗಳು. ಹುಡುಗರ ಪಾಲಿಗಾದರೋ ಅವು ಕಲಿಸದೆ ಬಂದ ವಿದ್ಯೆ. ಪಠ್ಯದ ಎರಡು ಪದ್ಯಗಳನ್ನು ಕಂಠಪಾಠ ಮಾಡಲು ತಿಣುಕುವ ವಿದ್ಯಾರ್ಥಿಯು ಹತ್ತು ಹಿಂದೀ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಬರುವ ಪಿಟೀಲಿನ ನಾದವನ್ನೂ ಬಿಡದಂತೆ, ಬಾಯಲ್ಲಿ ನುಡಿಸಬಲ್ಲನೆಂಬುದು ಉಪಾಧ್ಯಾಯ ಬಂಧುಗಳಿಗೆ ಹೊಸ ಸಂಗತಿಯೇನಲ್ಲ. ಆದರೆ ತಿರಸ್ಕಾರವೂ ವಿಮರ್ಶೆಯಲ್ಲ, ಆರಾಧನೆಯೂ ವಿಮರ್ಶೆಯಲ್ಲ. ಕಾವ್ಯಕ್ಕೆ ಹಿಡಿಯುವ ಅಳತೆಗೋಲನ್ನೇ ಈ ಚಿತ್ರಗಳಿಗೂ ಹಿಡಿದು ನೋಡಿದರೆ ಅವುಗಳ ನಿಜವಾದ ಗುಣವೂ ನಿಜವಾದ ದೋಷವೂ ತಿಳಿದುಬಂದೀತು. ಗೋವೆಯಲ್ಲಿ ನೆಲೆಸಿ ಕನ್ನಡದಲ್ಲಿ ಕಲಿಯುವ, ಕಲಿಸುವ ನಮಗೆ ಹಾಗೆ ನೋಡಲು ವಿಶೇಷವಾದ ಒಂದು ಕಾರಣವೂ ಉಂಟು. ಹಿಂದೀ ಪ್ರಣಯಚಿತ್ರಗಳು ನಾವಿರುವ ಈ ನೆಲಕ್ಕೆ ಮತ್ತೆ ಮತ್ತೆ ಬಂದಿವೆ. ಅವು ಇಲ್ಲಿ ಏನನ್ನು ಕಂಡವು, ಏನನ್ನು ಕಾಣದೆ ಹೋದವು, ಕಾಣದೆಯೇ ಇಲ್ಲಿಂದ ಏನನ್ನು ಪಡೆದುಕೊಂಡವು ಎಂಬುದೇ ಈ ಲೇಖನದ ವಿಚಾರ.

ನಮ್ಮ ಆಲಂಕಾರಿಕರು ಶೃಂಗಾರವನ್ನು ರಸಗಳ ರಾಜನೆಂದರು. ಸಂಭೋಗ, ವಿಪ್ರಲಂಭ ಎಂದು ಅದನ್ನು ಎರಡಾಗಿ ವಿಂಗಡಿಸಿದರು. ರಸವು ತಾನೇ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ವಿಭಾವಗಳು ಬೇಕು. ಪ್ರೇಮಿಗಳಿಬ್ಬರು ಆಲಂಬನ ವಿಭಾವ. ಬೆಳುದಿಂಗಳು, ಉಪವನ, ತಂಗಾಳಿ, ಕೋಗಿಲೆಯ ದನಿ, ಇವು ಉದ್ದೀಪನ ವಿಭಾವ. ಎಂದರೆ ಮೊದಲೇ ಇರುವ ಕೆಂಡವನ್ನು ಊದಿ ಉರಿಸುವ ಸಾಮಗ್ರಿ. ಹಿಂದೀ ಪ್ರಣಯಚಿತ್ರದ ಕಟ್ಟಡವೂ ಇದೇ. ಅದರಲ್ಲಿ ಪೂರ್ವಾನುರಾಗವೂ ವಿರಹವೂ ಹೆಚ್ಚು, ದಾಂಪತ್ಯ ಕಡಿಮೆ. ಹಣ, ಜಾತಿ, ಮತ, ಭಾಷೆ, ತಂದೆಯ ಹಟ, ಇವುಗಳಲ್ಲಿ ಒಂದು ಅಡ್ಡ ಬಂದು ಪ್ರೇಮಿಗಳನ್ನು ಅಗಲಿಸುತ್ತದೆ. ಅಗಲುವ ಮುನ್ನ ಅವರು ಮನೆಯ ಕಣ್ಣುಗಳಿಂದ ದೂರ ಹೋಗಿ ಹಾಡಬೇಕು. ಹಳೆಯ ಕಾವ್ಯದ ಪ್ರೇಮಿಗಳಿಗೆ ಊರಾಚೆಯ ಉಪವನ ಸಾಕಾಗಿತ್ತು. ಹಿಂದೀ ಚಿತ್ರದ ಪ್ರೇಮಿಗಳಿಗೆ ಕಾಶ್ಮೀರ ಬೇಕಾಯಿತು, ಗಿರಿಧಾಮಗಳು ಬೇಕಾದವು. ೧೯೬೧ರ ಡಿಸೆಂಬರ್ ೧೯ರಂದು ಪೋರ್ತುಗೀಜರ ಆಳ್ವಿಕೆ ಕೊನೆಗೊಂಡು ಈ ನೆಲದ ಬಾಗಿಲು ತೆರೆದ ಮೇಲೆ, ಕ್ರಮೇಣ ಗೋವೆಯೂ ಬೇಕಾಯಿತು.

ಒಂದು ನಾಡು ಉದ್ದೀಪನವಾಗುವುದು ದೋಷವೆಂದು ಯಾರೂ ಹೇಳಲಾರರು. ಆದರೆ ಚಂದ್ರನಿಗೂ ಕೋಗಿಲೆಗೂ ಇಲ್ಲದ ಕೆಲವು ಸಂಗತಿಗಳು ನಾಡಿಗೆ ಇರುತ್ತವೆ: ಅದಕ್ಕೆ ತನ್ನದೇ ಆದ ಮಾತುಂಟು, ಕಸುಬುಂಟು, ನೋವುಂಟು, ತನ್ನದೇ ಆದ ಶೃಂಗಾರವೂ ಉಂಟು. ಕ್ಷೇಮೇಂದ್ರನು ಔಚಿತ್ಯವು ರಸಸಿದ್ಧವಾದ ಕಾವ್ಯದ ಜೀವವೆಂದು ಸಾರಿ, ಔಚಿತ್ಯವನ್ನು ಪರೀಕ್ಷಿಸಬೇಕಾದ ಎಡೆಗಳನ್ನು ಪಟ್ಟಿಮಾಡುವಾಗ ದೇಶವನ್ನೂ ಅವುಗಳಲ್ಲಿ ಸೇರಿಸಿದನು. ಯಾವ ದೇಶದ ಕಥೆಯೋ ಆ ದೇಶದ ಸ್ವಭಾವಕ್ಕೆ ಕಾವ್ಯವು ಹೊಂದಿರಬೇಕು. ಮನುಷ್ಯರನ್ನೂ ತೆಂಗಿನ ಮರಗಳ ಸಾಲಿಗೆ ಸೇರಿಸಿ, ಇಬ್ಬರ ಪ್ರೇಮಕ್ಕೆ ಗಾಳಿ ಬೀಸುವ ಕೆಲಸವನ್ನಷ್ಟೇ ಅವರಿಗೆ ಕೊಟ್ಟರೆ ಅಲ್ಲಿ ದೇಶೌಚಿತ್ಯಕ್ಕೆ ಭಂಗ ಬಂದಿತೆಂದೇ ತಿಳಿಯಬೇಕು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಕೆಲವು ಚಿತ್ರಗಳನ್ನು ನೋಡೋಣ.

ವಿಮೋಚನೆಯ ಬಳಿಕ ಹಿಂದೀ ಚಿತ್ರವು ಗೋವೆಯತ್ತ ಮೊದಲು ತಿರುಗಿದ್ದು ಪ್ರಣಯಕ್ಕಾಗಿ ಅಲ್ಲ, ರಾಜಕೀಯಕ್ಕಾಗಿ. ೧೯೬೫ರ ‘ಜೋಹರ್ ಮೆಹಮೂದ್ ಇನ್ ಗೋವಾ’ ವಿಮೋಚನೆಯ ಕಾಲವನ್ನು ನಗೆಯ ಕಥೆ ಮಾಡಿಕೊಂಡಿತು. ೧೯೬೯ರಲ್ಲಿ ಖ್ವಾಜಾ ಅಹಮದ್ ಅಬ್ಬಾಸರು ‘ಸಾತ್ ಹಿಂದೂಸ್ತಾನೀ’ ಚಿತ್ರದಲ್ಲಿ ದೇಶದ ಬೇರೆ ಬೇರೆ ಭಾಗಗಳ ಜನ ಕೂಡಿ ಗೋವೆಯ ಬಿಡುಗಡೆಗಾಗಿ ಹೋರಾಡುವ ಕಥೆ ಹೇಳಿದರು. ಅಮಿತಾಭ್ ಬಚ್ಚನ್ ನಟನಾಗಿ ತೆರೆಯ ಮೇಲೆ ಬಂದ ಮೊದಲ ಚಿತ್ರ ಅದು. ಅದೇ ಅಬ್ಬಾಸರು ಬರೆದ ಕಥೆಯನ್ನು ತೆಗೆದುಕೊಂಡು ರಾಜ್ ಕಪೂರರು ೧೯೭೩ರಲ್ಲಿ ‘ಬಾಬಿ’ಯನ್ನು ತೆರೆಗೆ ತಂದರು. ಪ್ರಣಯಚಿತ್ರದ ಗೋವೆ ಜನಮನದಲ್ಲಿ ನೆಲೆನಿಂತದ್ದು ಇಲ್ಲಿಂದ.

‘ಬಾಬಿ’ಯ ಕಥೆ ಎಲ್ಲರಿಗೂ ತಿಳಿದದ್ದೇ. ಮುಂಬಯಿಯ ಶ್ರೀಮಂತ ವ್ಯಾಪಾರಿಯ ಮಗ ರಾಜ್. ಅವನನ್ನು ಎಳವೆಯಲ್ಲಿ ಸಾಕಿದ ಕ್ರೈಸ್ತ ದಾದಿಯ ಮೊಮ್ಮಗಳು ಬಾಬಿ. ಆಕೆಯ ತಂದೆ ಗೋವೆಯ ಮೀನುಗಾರ ಜ್ಯಾಕ್ ಬ್ರಗಾಂಜಾ. ಹಣವೂ ಮತವೂ ಅಡ್ಡ ಬಂದು ಪ್ರೇಮಿಗಳು ಮನೆ ಬಿಟ್ಟು ಓಡುತ್ತಾರೆ. ಹದಿಹರೆಯದ ಪ್ರೇಮವನ್ನು ಅಷ್ಟು ಲವಲವಿಕೆಯಿಂದ ಕಾಣಿಸಿದ ಚಿತ್ರ ಅದಕ್ಕೆ ಮುಂಚೆ ಹಿಂದಿಯಲ್ಲಿ ವಿರಳವೆಂಬುದನ್ನು ಒಪ್ಪಬೇಕು. ಪ್ರೇಮನಾಥರು ಅಭಿನಯಿಸಿದ ಬ್ರಗಾಂಜಾ ಪಾತ್ರದಲ್ಲಿ ಜೀವವಿದೆ ಎಂಬುದನ್ನೂ ಒಪ್ಪಬೇಕು. ಹುಡುಗನ ತಂದೆಯು ಹಣದ ಮಾತೆತ್ತಿ ಅವಮಾನಿಸುವ ಸನ್ನಿವೇಶದಲ್ಲಿ ಆ ಮೀನುಗಾರನ ಸ್ವಾಭಿಮಾನವು ಸಿರಿವಂತನ ಸಿರಿಗಿಂತ ಎತ್ತರವಾಗಿ ನಿಲ್ಲುತ್ತದೆ. ಆದರೆ ಆ ಸನ್ನಿವೇಶದ ಹೊರಗೆ ಅವನು ಕುಡಿಯುವವನು, ಕುಣಿಯುವವನು, ಗಟ್ಟಿಯಾಗಿ ನಗುವವನು. ಅವನ ಹಿಂದಿ ಕೂಡ ನಗಿಸಲೆಂದು ಮುರಿದ ಹಿಂದಿ. ಒಬ್ಬ ವ್ಯಕ್ತಿಯ ಚಿತ್ರವಾಗಿ ಇದು ತಪ್ಪಲ್ಲ. ಬಳಿಕ ಬಂದ ಎಷ್ಟೋ ಚಿತ್ರಗಳಿಗೆ ಇದೇ ಅಚ್ಚಾಯಿತೆಂಬುದು ಅನರ್ಥ. ಗೋವೆಯ ಕ್ರೈಸ್ತನೆಂದರೆ ಕೈಯಲ್ಲಿ ಸೀಸೆ, ಬಾಯಲ್ಲಿ ಹಾಡು, ಎದೆಯಲ್ಲಿ ಒಳ್ಳೆಯತನ, ಇಷ್ಟರಲ್ಲಿ ಮುಗಿಯಿತು. ಗೋವೆಯ ಹಿಂದೂ ಕುಟುಂಬವಾಗಲಿ, ಗಣಿ, ಗದ್ದೆ, ಬಂದರುಗಳಲ್ಲಿ ದುಡಿಯುವವನಾಗಲಿ ಈ ಅಚ್ಚಿನಲ್ಲಿ ಮೂಡಲೇ ಇಲ್ಲ.

ಇದೇ ಚಿತ್ರದಲ್ಲಿ ಬೆಸ್ತರ ಕುಣಿತದ ಹಾಡೊಂದಿದೆ. ಹುಡುಗಿಯ ತಂದೆಗೆ ಮನ್ನಾ ಡೇ, ಹುಡುಗನಿಗೆ ಶೈಲೇಂದ್ರ ಸಿಂಗ್ ದನಿಯಾಗಿದ್ದಾರೆ. ಸಂಗೀತ ಲಕ್ಷ್ಮೀಕಾಂತ್ ಪ್ಯಾರೇಲಾಲರದು. ಬೆಳ್ಳಿ ಬಂಗಾರ ನನಗೆ ಬೇಡ, ಪ್ರೀತಿಯಲ್ಲಿ ವ್ಯಾಪಾರ ಸಲ್ಲದು ಎಂಬುದು ಅದರ ಸಾರ. ಅದರ ನಡುವೆ ‘ತೆಗೆದುಕೋ’ ಎಂಬರ್ಥದ ಕೊಂಕಣಿ ಕ್ರಿಯಾಪದವೊಂದು ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಕುಣಿಯುತ್ತದೆ. ಇದು ಎಲ್ಲಿಂದ ಬಂತೆಂದು ನಮ್ಮ ನೆರೆಯ ಯಾವ ಕೊಂಕಣಿ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅದು ಹಳೆಯ ಒಂದು ದೆಖ್ಣಿಯ ಪಲ್ಲವಿ. ದೆಖ್ಣಿಯೆಂಬುದು ಗೋವೆಯ ಕ್ರೈಸ್ತರು ರೂಪಿಸಿದ ಹಾಡುಕುಣಿತ. ದೇವಾಲಯದ ಕಲಾವಂತೆಯರ ನೃತ್ಯವನ್ನು ಕಂಡು, ಅವರ ವೇಷವನ್ನೂ ಕಾಲ್ಗೆಜ್ಜೆಯನ್ನೂ ಎರವಲು ಪಡೆದು ಕಟ್ಟಿದ್ದು. ಒಂದು ಮತದವರು ಇನ್ನೊಂದು ಮತದ ಹೆಣ್ಣಿನ ಬಾಯಿಂದ ಹಾಡಿಸಿದ ಇಂಥ ಗೀತಪ್ರಕಾರ ಬೇರೆ ಕಡೆ ಸುಲಭವಾಗಿ ಸಿಗಲಾರದು.

ಕಾರ್ಲೋಸ್ ಎವುಜೇನಿಯೊ ಫೆರೇರಾ ಎಂಬವರು ಪ್ರಕಟಿಸಿದ ಈ ದೆಖ್ಣಿಯ ಸನ್ನಿವೇಶ ಹೀಗಿದೆ. ಹೊಳೆಯಾಚೆ ದಾಮು ಎಂಬವನ ಮದುವೆ. ಆ ಚಪ್ಪರದಲ್ಲಿ ಕುಣಿಯಲು ಹೊರಟ ಕಲಾವಂತೆಗೆ ದಾರಿ ತಿಳಿಯದು. ದಾಟಿಸಬೇಕೆಂದು ಅಂಬಿಗನನ್ನು ಬೇಡುತ್ತಾಳೆ. ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಮುಂದೆ ಚಾಚುತ್ತಾಳೆ. ತೆಗೆದುಕೋ ಎಂದು ಅವಳು, ಬೇಡವೆಂದು ಅವನು. ಕೇಳುವುದಕ್ಕೆ ಇದು ವಿನೋದದ ಹಾಡು. ಸ್ವಲ್ಪ ತಡೆದು ಯೋಚಿಸಿದರೆ ಅದರೊಳಗೆ ದುಡಿಮೆಯ ಹೆಣ್ಣೊಬ್ಬಳು ಕಾಣುತ್ತಾಳೆ. ಅವಳು ಹೊಳೆ ದಾಟಲೇಬೇಕು. ದಾಟದಿದ್ದರೆ ಅಂದಿನ ಗಳಿಕೆಯಿಲ್ಲ. ಗಳಿಕೆಗಾಗಿ ಹಿಂದಿನ ಗಳಿಕೆಯನ್ನೇ ಕಳಚಿ ಕೊಡಲು ಸಿದ್ಧಳಾಗಿದ್ದಾಳೆ. ‘ತೆಗೆದುಕೋ’ ಎಂಬ ಆ ಒಂದು ಮಾತಿನಲ್ಲಿ ಬೆಡಗೂ ಇದೆ, ಬೇಗುದಿಯೂ ಇದೆ. ಇಲ್ಲಿ ವ್ಯಾಪಾರವು ಹೀನವಲ್ಲ. ಅದು ಬದುಕಿನ ದಾರಿ.

ಈ ಪಲ್ಲವಿಯನ್ನು ‘ಬಾಬಿ’ಗಿಂತ ಹತ್ತು ವರ್ಷ ಮೊದಲೇ, ೧೯೬೩ರ ‘ಆಮ್ಚೆಂ ನಶೀಬ್’ ಎಂಬ ಕೊಂಕಣಿ ಚಿತ್ರದಲ್ಲಿ ಫ್ರ್ಯಾಂಕ್ ಫೆರ್ನಾಂಡರು ಬಳಸಿಕೊಂಡಿದ್ದರು. ಹಿಂದಿಗೆ ಬಂದಾಗ ಅದಕ್ಕೇನಾಯಿತೆಂಬುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅಂಬಿಗನ ನಿರಾಕರಣೆ ಉಳಿಯಿತು. ಬಂಗಾರ ಬೇಡವೆನ್ನುವ ಅವನ ಮಾತು ಪ್ರೇಮಿಯ ಬಾಯಿಗೆ ಬಂತು. ಹಣವೇ ಅಡ್ಡಗೋಡೆಯಾಗಿರುವ ಕಥೆಯಲ್ಲಿ ಇದು ಸೊಗಸಾಗಿಯೇ ಹೊಂದಿತು. ಕಥೆಯ ಮಟ್ಟಿಗೆ ಔಚಿತ್ಯಕ್ಕೆ ಕುಂದಿಲ್ಲ. ಆದರೆ ಬಂಗಾರವನ್ನು ಚಾಚಿದ ಹೆಣ್ಣು ಮಾಯವಾದಳು. ಅವಳ ಹೊಳೆ, ಅವಳ ದಾರಿ, ಅವಳ ಕಸುಬು ಎಲ್ಲವೂ ಹೋಗಿ, ಅವಳ ಬಾಯಿಯ ಒಂದು ಕ್ರಿಯಾಪದವು ಅರ್ಥ ಕಳೆದುಕೊಂಡು ತಾಳದ ಪೆಟ್ಟಾಗಿ ನಿಂತಿತು. ಕೊಡುವವಳಿಲ್ಲದ ಕಡೆ ‘ತೆಗೆದುಕೋ’ ಎಂಬ ಮಾತಿಗೆ ಏನರ್ಥ? ದೇಶವೊಂದು ಉದ್ದೀಪನಕ್ಕೆ ಇಳಿಯುವುದೆಂದರೆ ಹೀಗೆ: ಅದರ ಮಾತು ಉಳಿಯುತ್ತದೆ, ಮಾತಾಡಿದವರು ಉಳಿಯುವುದಿಲ್ಲ.

ಇನ್ನೊಂದು ಪ್ರಸಿದ್ಧ ಚಿತ್ರ ಕೆ. ಬಾಲಚಂದರರ ‘ಏಕ್ ದೂಜೇ ಕೇ ಲಿಯೇ’ (೧೯೮೧). ಗೋವೆಯಲ್ಲಿ ನೆರೆಹೊರೆಯಲ್ಲಿ ವಾಸವಾಗಿರುವ ತಮಿಳು ಹುಡುಗ ಮತ್ತು ಹಿಂದೀ ಹುಡುಗಿ. ಎರಡು ಮನೆಗಳಿಗೆ ಒಬ್ಬರ ಭಾಷೆ, ಊಟ, ನಡವಳಿಕೆ ಇನ್ನೊಬ್ಬರಿಗಾಗದು. ಒಂದು ವರ್ಷ ಅಗಲಿದ್ದು, ಆಮೇಲೂ ಪ್ರೀತಿ ಉಳಿದರೆ ಮದುವೆ ಎಂಬ ಕರಾರು. ಕೊನೆಗೆ ಇಬ್ಬರ ಮರಣ. ವಿಪ್ರಲಂಭವನ್ನು ಕರುಣದವರೆಗೆ ಎಳೆದೊಯ್ದ ಈ ಕಥೆಯಲ್ಲಿ ನಮ್ಮ ಗಮನ ಸೆಳೆಯುವುದು ಭಾಷೆಯ ಪ್ರಶ್ನೆ. ಹಿಂದೀ ಬಾರದ ಹುಡುಗನು ತನ್ನ ಪ್ರೀತಿಯನ್ನು ಹೇಳಲು ಹಿಂದೀ ಚಿತ್ರಗಳ ಹೆಸರುಗಳನ್ನೇ ಪೋಣಿಸಿ ಹಾಡುವ ಗೀತೆಯೊಂದನ್ನು ಆನಂದ್ ಬಕ್ಷಿಯವರು ಬರೆದಿದ್ದಾರೆ, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಇದನ್ನು ಬರಿಯ ಚಮತ್ಕಾರವೆಂದು ಬಿಡಬಾರದು. ಈ ದೇಶದ ಹಿಂದಿಯೇತರ ಮಕ್ಕಳು ಹಿಂದಿಯನ್ನು ಕಲಿತ ಬಗೆಯೇ ಅದು. ವ್ಯಾಕರಣದಿಂದಲ್ಲ, ಚಿತ್ರಗಳ ಹೆಸರಿನಿಂದ, ಹಾಡಿನ ಸಾಲಿನಿಂದ. ನಮ್ಮ ಕನ್ನಡ ಶಾಲೆಯ ಹುಡುಗನೂ ತನ್ನ ಮನಸ್ಸಿನ ನವಿರಾದ ಭಾವಕ್ಕೆ ಮಾತು ಬೇಕಾದಾಗ ಇನ್ನೊಬ್ಬರು ಕಟ್ಟಿಟ್ಟ ಹಿಂದೀ ನುಡಿಯನ್ನು ಎತ್ತಿಕೊಳ್ಳುತ್ತಾನೆ. ಆ ಹಾಡು ಅವನ ನಿಜವಾದ ಚಿತ್ರ.

ಆದರೆ ಕಥೆ ನಡೆಯುವ ನೆಲದ ಭಾಷೆ ಯಾವುದು? ತಮಿಳಿಗೂ ಹಿಂದಿಗೂ ನಡೆಯುವ ಆ ಜಗಳದಲ್ಲಿ ಕೊಂಕಣಿಗೆ ಪಾತ್ರವೇ ಇಲ್ಲ. ಗೋವೆಯಲ್ಲಿ ಭಾಷೆಯ ಪ್ರಶ್ನೆ ಸುಡುವ ಪ್ರಶ್ನೆಯಾಗಿದ್ದ ಕಾಲ ಅದು. ೧೯೬೭ರ ಜನವರಿಯಲ್ಲಿ ಮಹಾರಾಷ್ಟ್ರದೊಡನೆ ಕೂಡಬೇಕೇ ಬೇಡವೇ ಎಂಬ ಜನಮತಗಣನೆ ನಡೆದಿತ್ತು. ೧೯೭೫ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತ್ತು. ಚಿತ್ರ ಬಂದ ಆರು ವರ್ಷಕ್ಕೆ, ೧೯೮೭ರಲ್ಲಿ, ರಾಜಭಾಷಾ ಶಾಸನವೂ ರಾಜ್ಯತ್ವವೂ ಬಂದವು. ಭಾಷೆಗಾಗಿ ಬೀದಿಗಿಳಿದ ಜನರ ನಡುವೆ ಭಾಷೆಯ ಕಥೆಯನ್ನು ನಡೆಸಿಯೂ ಅವರ ಮಾತು ಕಿವಿಗೆ ಬೀಳದಂತೆ ನೋಡಿಕೊಂಡದ್ದು ವಿಚಿತ್ರ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಇದೇ ನಿರ್ದೇಶಕರು ೧೯೭೮ರಲ್ಲಿ ತೆಲುಗಿನಲ್ಲಿ ಮಾಡಿದ ‘ಮರೋ ಚರಿತ್ರ’ದ ಹಿಂದೀ ರೂಪ ಇದು. ಅಲ್ಲಿ ಕಥೆ ವಿಶಾಖಪಟ್ಟಣದ ಕಡಲ ಸೀಮೆಯಲ್ಲಿ ನಡೆಯುತ್ತದೆ. ಕಡಲಿಗೆ ಬದಲು ಕಡಲು ಬಂತು. ಕಥೆಯ ಕೂದಲೂ ಕೊಂಕಲಿಲ್ಲ. ಒಂದು ಊರನ್ನು ತೆಗೆದು ಇನ್ನೊಂದನ್ನಿಟ್ಟರೂ ಕಾವ್ಯಕ್ಕೆ ಏನೂ ಆಗದಿದ್ದರೆ ಆ ಊರು ಕಾವ್ಯದೊಳಗೆ ಇರಲೇ ಇಲ್ಲವೆಂದು ಅರ್ಥ.

ಎಲ್ಲ ಚಿತ್ರಗಳೂ ಹೀಗೆಯೇ ಎಂದರೆ ಅನ್ಯಾಯವಾದೀತು. ಕುಂದನ್ ಶಾಹರ ‘ಕಭೀ ಹಾಂ ಕಭೀ ನಾ’ (೧೯೯೪) ಇದಕ್ಕೆ ಒಳ್ಳೆಯ ಅಪವಾದ. ಅದರ ನಾಯಕ ಸುನೀಲ್ ಹೊರಗಿನಿಂದ ಬಂದ ಪ್ರವಾಸಿಯಲ್ಲ, ಇಲ್ಲಿಯ ಹುಡುಗ. ಪರೀಕ್ಷೆಯಲ್ಲಿ ನಪಾಸಾದವನು, ಸಂಗೀತವೇ ಜೀವನವೆಂದು ನಂಬಿದವನು, ಗೆಳೆಯರೊಡನೆ ಸೇರಿ ವಾದ್ಯಗೋಷ್ಠಿ ಕಟ್ಟಿದವನು. ಅವನು ಒಲಿದ ಆನಾ ಬೇರೊಬ್ಬನಿಗೆ ಒಲಿದಿದ್ದಾಳೆ. ಸುಳ್ಳು ಹೇಳಿ, ಸಿಕ್ಕಿಬಿದ್ದು, ಕಡೆಗೆ ಸೋತು, ಸೋಲನ್ನು ನಗುತ್ತ ಸ್ವೀಕರಿಸುವ ಈ ಹುಡುಗನ ಶೃಂಗಾರದಲ್ಲಿ ಪ್ರತಿನಾಯಕನಿಲ್ಲ, ಓಡಿಹೋಗುವಿಕೆಯಿಲ್ಲ. ಮುಖ್ಯವಾದ ಮಾತೆಂದರೆ ಇಲ್ಲಿ ಹಾಡು ಆಕಾಶದಿಂದ ಉದುರುವುದಿಲ್ಲ. ಹಾಡುವುದು ಈ ಮಕ್ಕಳ ಕೆಲಸ, ಅಭ್ಯಾಸ, ಕನಸು. ವಾದ್ಯಗೋಷ್ಠಿ ಗೋವೆಯ ಊರೂರಿನ ಬದುಕಿನ ಭಾಗವಾದುದರಿಂದ ಹಾಡಿಗೂ ನೆಲಕ್ಕೂ ಇಲ್ಲಿ ಸಂಬಂಧ ಕುದುರಿದೆ. ದೇಶೌಚಿತ್ಯವೆಂದರೆ ಇದೇ ಹೊರತು ತೆಂಗಿನ ಮರಗಳ ಎಣಿಕೆಯಲ್ಲ.

ಈ ಚಿತ್ರದ ವಾದ್ಯಗೋಷ್ಠಿ ನಮ್ಮನ್ನು ವಿಷಯದ ಇನ್ನೊಂದು ಮುಖಕ್ಕೆ ಕರೆದೊಯ್ಯುತ್ತದೆ. ಇದುವರೆಗೆ ಕಣ್ಣಿಗೆ ಕಂಡ ಗೋವೆಯ ಮಾತಾಯಿತು. ಕಿವಿಗೆ ಕೇಳಿದ ಗೋವೆಯ ಮಾತು ಬೇರೆಯೇ ಇದೆ. ಗೋವೆಯ ಹೆಸರೇ ಬಾರದ ನೂರಾರು ಹಿಂದೀ ಪ್ರೇಮಗೀತೆಗಳಲ್ಲಿ ಗೋವೆ ಇದೆ; ಕಡಲೂ ಚರ್ಚೂ ಇಲ್ಲದ ಹಿಮಾಲಯದ ದೃಶ್ಯಗಳ ಹಿಂದೆಯೂ ಇದೆ. ಇದು ಹೇಗೆಂದು ತಿಳಿಯಲು ಆ ಕಾಲದ ಹಾಡು ಸಿದ್ಧವಾಗುತ್ತಿದ್ದ ಕ್ರಮವನ್ನು ಅರಿಯಬೇಕು. ಸಂಗೀತ ನಿರ್ದೇಶಕನು ಹಾರ್ಮೋನಿಯಂ ಮುಂದೆ ಕುಳಿತು ಧಾಟಿಯನ್ನು ಹುಡುಕುವನು. ಕವಿಯು ಅದಕ್ಕೆ ಮಾತು ಕೂಡಿಸುವನು. ಗಾಯಕರು ಕಲಿತು ಹಾಡುವರು. ಆದರೆ ಹತ್ತಾರು ಪಿಟೀಲು, ಚೆಲ್ಲೋ, ಕೊಳಲು, ಟ್ರಂಪೆಟ್‌ಗಳು ಒಂದೇ ಉಸಿರಿನಲ್ಲಿ ನುಡಿಯಬೇಕಾದರೆ ಯಾವ ಮಾತ್ರೆಯಲ್ಲಿ ಯಾರು ಏನು ನುಡಿಸಬೇಕೆಂಬುದು ಕಾಗದದ ಮೇಲೆ ಬರೆದಿರಬೇಕು. ನಮ್ಮ ಸಂಗೀತ ಗುರುಮುಖದಿಂದ ಬಂದದ್ದು. ಸ್ವರಲಿಪಿಯನ್ನು ನೋಡಿ ಕೂಡಲೇ ನುಡಿಸುವ ಅಭ್ಯಾಸ ಅದರಲ್ಲಿ ಇರಲಿಲ್ಲ. ಅದು ಇದ್ದದ್ದು ಗೋವೆಯ ಕ್ರೈಸ್ತ ತರುಣರಲ್ಲಿ. ಪೋರ್ತುಗೀಜರ ಕಾಲದಲ್ಲಿ ಊರ ಚರ್ಚಿಗೆ ಸೇರಿದ ಶಾಲೆಯಲ್ಲಿ ಸಂಗೀತದ ಮೇಸ್ತ್ರಿಯು ಬಡವರ ಮಕ್ಕಳಿಗೂ ಸ್ವರಪಾಠವನ್ನೂ ಪಿಟೀಲನ್ನೂ ಕಲಿಸುತ್ತಿದ್ದನು. ಕಲಿತವರಿಗೆ ಊರಲ್ಲಿ ಅನ್ನವಿರಲಿಲ್ಲ. ಮುಂಬಯಿಗೆ ಹೋದರು; ತಮ್ಮ ತಮ್ಮ ಊರಿನ ಹೆಸರಿನ ಕೂಡುಗಳಲ್ಲಿ, ಎಂದರೆ ಸಾಮೂಹಿಕ ವಸತಿಗಳಲ್ಲಿ, ತಂಗಿದರು; ಹೋಟೆಲುಗಳಲ್ಲಿಯೂ ಬಳಿಕ ಚಿತ್ರಗಳ ಧ್ವನಿಮುದ್ರಣ ಶಾಲೆಗಳಲ್ಲಿಯೂ ನುಡಿಸಿದರು.

ಅವರಲ್ಲಿ ಕೆಲವರು ನುಡಿಸುವವರಾಗಿ ಮಾತ್ರ ಉಳಿಯದೆ ವಾದ್ಯಸಂಯೋಜಕರಾದರು. ಅಲ್ಡೋನದ ಆಂತೋನಿಯೊ ಷಾವಿಯೆರ್ ವಾಜ್, ಜನ ಕರೆದ ಹೆಸರಿನಲ್ಲಿ ಚಿಕ್ ಚಾಕೊಲೇಟ್, ಸಿ. ರಾಮಚಂದ್ರರೊಡನೆ ದುಡಿದರು, ೧೯೫೧ರ ‘ಅಲ್‌ಬೇಲಾ’ದಲ್ಲಿ ಅವರ ಗೋಷ್ಠಿ ತೆರೆಯ ಮೇಲೂ ಕಾಣಿಸಿಕೊಂಡಿತು. ದೇಶ ಇಬ್ಭಾಗವಾಗುವ ಮುನ್ನ ಲಾಹೋರಿನಲ್ಲಿ ಗೋಷ್ಠಿ ನಡೆಸುತ್ತಿದ್ದ ಸೆಬಾಸ್ಟಿಯನ್ ಡಿ’ಸೋಜರು ಮುಂಬಯಿಗೆ ಬಂದು, ಐವತ್ತರ ದಶಕದ ಆರಂಭದಿಂದ ಸುಮಾರು ಎರಡು ದಶಕಗಳ ಕಾಲ ಶಂಕರ್ ಜೈಕಿಶನ್ನರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದರು. ಅದೇ ಜೋಡಿಯ ಬಳಿ ಢೋಲಕ್ಕಿನ ನಡೆಯನ್ನು ನೋಡಿಕೊಳ್ಳುತ್ತಿದ್ದವರು ಗೋವೆಯಲ್ಲೇ ಹುಟ್ಟಿದ ದತ್ತಾರಾಮರು. ಅವರ ಹೆಸರಿನ ಠೇಕಾ ಇಂದಿಗೂ ವಾದಕರ ಬಾಯಲ್ಲಿದೆ. ತಂತಿಯ ನಾದಕ್ಕೆ ಚರ್ಚಿನ ಸಂಗೀತದಲ್ಲಿ ಬೆಳೆದ ಗೋವೆಯವನು, ಚರ್ಮವಾದ್ಯದ ತಾಳಕ್ಕೆ ದೇಶೀ ಲಯದಲ್ಲಿ ಬೆಳೆದ ಗೋವೆಯವನು. ಐವತ್ತು ಅರುವತ್ತರ ದಶಕಗಳ ಎಷ್ಟೋ ಹಿಂದೀ ಪ್ರೇಮಗೀತೆಗಳಲ್ಲಿ ಎರಡು ಗೋವೆಗಳು ಹೀಗೆ ಕೈಹಿಡಿದು ನಡೆದಿವೆ. ಚಿತ್ರದ ಶೀರ್ಷಿಕೆಗಳಲ್ಲಿ ಇವರು ‘ಸಹಾಯಕರು’. ಅವರ ಹಿಂದೆ ಕುಳಿತು ನುಡಿಸಿದವರಿಗೆ ಅದೂ ಇಲ್ಲ.

ಇವರ ಕೆಲಸದ ಬೆಲೆಯನ್ನು ಆನಂದವರ್ಧನನ ಮಾತಿನಿಂದ ಅಳೆಯಬಹುದು. ಮಾತಿನ ನೇರ ಅರ್ಥ ಮುಗಿದ ಮೇಲೆ, ಬಾರಿಸಿದ ಘಂಟೆಯ ಅನುರಣನದಂತೆ, ಹಿಂಬಾಲಿಸಿ ಬರುವ ಅರ್ಥವನ್ನು ಅವನು ಧ್ವನಿಯ ಒಂದು ಬಗೆಯೆಂದನು. ಹಿಂದೀ ಹಾಡಿನಲ್ಲಿ ಪಲ್ಲವಿ ಮುಗಿದು ಚರಣ ಆರಂಭವಾಗುವ ಮುನ್ನ ಗಾಯಕಿ ಉಸಿರು ತೆಗೆದುಕೊಳ್ಳುವ ಎಡೆಯೊಂದುಂಟು. ಅಲ್ಲಿ ಕವಿಯ ಮಾತಿಲ್ಲ. ಅಲ್ಲಿಯೇ ಪಿಟೀಲುಗಳು ಅಲೆಯಂತೆ ಏಳುತ್ತವೆ. ನಾಯಿಕೆ ಹೇಳಲಾರದ್ದನ್ನು ಹೇಳುತ್ತವೆ. ಹಾಡಿನ ಸಾಹಿತ್ಯ ಎಷ್ಟೋ ವೇಳೆ ಹಳಸಿದ ಚಂದ್ರ, ಹಳಸಿದ ಹೂವು, ಹಳಸಿದ ಬಿನ್ನಹ. ಆದರೂ ಆ ಹಾಡು ಎದೆಯನ್ನು ತಟ್ಟುತ್ತದೆಂದರೆ ಮಾತು ನಿಂತ ಎಡೆಯಲ್ಲಿ ಹೊಮ್ಮುವ ಈ ಅನುರಣನಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಗೋವೆಯ ಮಾಂಡೊ ಎಂಬ ನಿಧಾನಗತಿಯ ಪ್ರೇಮಗೀತೆಯಲ್ಲಿ ಹಂಬಲ, ಕೂಡುವಿಕೆ, ವಿಲಾಪಗಳೇ ವಸ್ತು; ಪಿಟೀಲೂ ಘುಮಟೆಯೂ ಅದರ ಸಂಗಾತಿಗಳು. ನಮ್ಮ ಉತ್ತರ ಕನ್ನಡದ ಗುಮಟೆಯೇ ಇಲ್ಲಿಯ ಘುಮಟೆ. ಆ ಮಾಂಡೊ ಕೇಳಿ ಬೆಳೆದ ಕೈಗಳು ಹಿಂದೀ ನಾಯಿಕೆಯ ವಿರಹಕ್ಕೆ ನಾದ ಕೊಟ್ಟವೆಂದು ಊಹಿಸಿದರೆ ತಪ್ಪಾಗಲಾರದು. ಹೀಗೆ, ಶೃಂಗಾರಕ್ಕೆ ಬರಿಯ ಉದ್ದೀಪನವೆಂದು ಬಗೆಯಲ್ಪಟ್ಟ ನಾಡು ತಾನೇ ಶೃಂಗಾರದ ಭಾಷೆಯನ್ನು ಕಲಿಸಿಕೊಟ್ಟಿತು.

ಕಣ್ಣಿಗೂ ಕಿವಿಗೂ ಇರುವ ಈ ಅಂತರವನ್ನು ತೋರಿಸಲು ಒಂದು ಹೆಸರಿನ ಕಥೆ ಸಾಕು. ಮಜೋರ್ಡಾದಲ್ಲಿ ೧೯೨೭ರಲ್ಲಿ ಹುಟ್ಟಿದ ಆಂತೋನಿ ಗೊನ್ಸಾಲ್ವಿಸರು ಮುಂಬಯಿಯ ಚಿತ್ರಸಂಗೀತದಲ್ಲಿ ಪಿಟೀಲುವಾದಕರೂ ವಾದ್ಯಸಂಯೋಜಕರೂ ಗುರುಗಳೂ ಆಗಿದ್ದವರು. ೧೯೫೮ರಲ್ಲಿ ಅವರು ಭಾರತೀಯ ರಾಗಗಳನ್ನೂ ಪಾಶ್ಚಾತ್ಯ ಸ್ವರಮೇಳವನ್ನೂ ಕೂಡಿಸಿ, ದೊಡ್ಡ ವಾದ್ಯವೃಂದವನ್ನು ಕಟ್ಟಿ, ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಅವರ ಗಾಯನದೊಡನೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಕಚೇರಿ ಏರ್ಪಡಿಸಿದರು. ಅವರ ಶಿಷ್ಯರಲ್ಲೊಬ್ಬರು ಪ್ಯಾರೇಲಾಲ್. ೧೯೭೭ರ ‘ಅಮರ್ ಅಕ್ಬರ್ ಆಂತೋನಿ’ ಚಿತ್ರದಲ್ಲಿ ನಾಯಕನೊಬ್ಬನು ತನ್ನ ಹೆಸರು ಹೇಳಿಕೊಂಡು ಹಾಡುವ ಗೀತೆಗೆ ಗುರುವಿನ ಹೆಸರೇ ಬಂತು. ಶಿಷ್ಯನ ಭಕ್ತಿ ನಿಜವಾದದ್ದು; ಗುರುಕಾಣಿಕೆಯಾಗಿ ಅದು ಚೆಲುವಾದದ್ದೇ. ಆದರೆ ಕೇಳಿದ ಕೋಟಿ ಜನರಿಗೆ ಆ ಹೆಸರು ಸಾರಾಯಿ ಅಂಗಡಿ ನಡೆಸುವ, ನಗಿಸುವ ಕ್ರೈಸ್ತ ನಾಯಕನ ಹೆಸರಾಗಿಯೇ ಉಳಿಯಿತು. ೨೦೧೨ರಲ್ಲಿ ಗೊನ್ಸಾಲ್ವಿಸರು ತೀರಿಕೊಂಡರು. ಹೆಸರು ಎಲ್ಲರ ಬಾಯಲ್ಲಿ, ಮನುಷ್ಯನು ಯಾರ ಕಣ್ಣಿಗೂ ಇಲ್ಲ. ದೆಖ್ಣಿಯ ಕಲಾವಂತೆಗೆ ಆದದ್ದೇ ಇವರಿಗೂ ಆಯಿತು.

ಕಲಾವಂತೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅರ್ಧ ಶತಮಾನಕ್ಕೂ ಮಿಕ್ಕಿ ಹಿಂದೀ ನಾಯಿಕೆಯರ ದನಿಯಾಗಿದ್ದು ೨೦೨೨ರಲ್ಲಿ ಅಗಲಿದ ಲತಾ ಮಂಗೇಶ್ಕರರ ಮನೆತನಕ್ಕೆ ಹೆಸರು ಕೊಟ್ಟ ಊರು ನಮ್ಮ ಫೋಂಡಾ ಸೀಮೆಯ ಮಂಗೇಶಿ. ಅವರ ತಂದೆ ದೀನಾನಾಥರು ಹುಟ್ಟಿದ್ದು ಅಲ್ಲಿ. ದೀನಾನಾಥರ ತಾಯಿ ದೇವಾಲಯದ ಕಲಾವಂತ ಸಮಾಜಕ್ಕೆ ಸೇರಿದವರು. ಹೊಳೆ ದಾಟಲು ಒಡವೆ ಚಾಚಿದ ಆ ಹೆಣ್ಣಿನ ಸಮಾಜದಿಂದಲೇ ಹಿಂದೀ ಪ್ರಣಯದ ಕಂಠವೂ ಬಂತು. ‘ಬಾಬಿ’ಯ ನಾಯಿಕೆಗೂ ಹಾಡಿದ ಕಂಠ ಅದೇ. ಕನ್ನಡಕ್ಕೂ ಆ ಕಂಠದ ಋಣವುಂಟು: ೧೯೬೭ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕಾಗಿ ಲಕ್ಷ್ಮಣ ಬೆರ್ಲೇಕರರ ಸಂಗೀತದಲ್ಲಿ ಲತಾ ಅವರು ಕನ್ನಡದಲ್ಲಿ ಹಾಡಿದ್ದಾರೆ.

ವಿನೋದಕ್ಕಾಗಿ ಮಾಡಿದ ಚಿತ್ರಗಳಿಂದ ಇಷ್ಟೆಲ್ಲ ಬಯಸುವುದು ಹೆಚ್ಚಾಯಿತೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಜನಪ್ರಿಯತೆಗೂ ದೇಶೌಚಿತ್ಯಕ್ಕೂ ವೈರವಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (೧೯೪೨) ಕನ್ನಡದ ಪ್ರೇಮಕವಿತೆಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು. ಅಲ್ಲಿಯ ಪ್ರೇಮವು ಊರು ಬಿಟ್ಟು ಓಡುವುದಿಲ್ಲ. ಊರೊಳಗೇ, ಅತ್ತೆಮಾವಂದಿರ, ನೆರೆಹೊರೆಯವರ, ಬಳೆಗಾರನ ನಡುವೆಯೇ ಅರಳುತ್ತದೆ. ಆ ಊರನ್ನು ತೆಗೆದು ಬೇರೊಂದನ್ನಿಟ್ಟರೆ ಪದ್ಯ ಉಳಿಯದು. ಹಾಗೆಂದು ಕನ್ನಡ ಚಿತ್ರಗಳೆಲ್ಲ ಈ ದೋಷದಿಂದ ಮುಕ್ತವೆಂದು ಬೀಗುವಂತೆಯೂ ಇಲ್ಲ. ೧೯೬೮ರಷ್ಟು ಹಿಂದೆಯೇ ನಮ್ಮ ರಾಜಕುಮಾರರ ಪತ್ತೇದಾರನು ‘ಗೋವಾದಲ್ಲಿ ಸಿ. ಐ. ಡಿ. ೯೯೯’ ಆಗಿ ಇಲ್ಲಿಗೆ ಬಂದ. ಪತ್ತೇದಾರಿಕೆಗೂ ಪ್ರಣಯಕ್ಕೂ ಒಂದೇ ಕಡಲತೀರ ಒದಗಿತೆಂಬುದಷ್ಟೇ ವ್ಯತ್ಯಾಸ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಹಾಡುಗಳನ್ನು ಶಾಲೆಯ ಬಾಗಿಲಿನಿಂದ ಹೊರಗೆ ನೂಕುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಅವನ್ನು ಕೇಳುವುದನ್ನು ಕಲಿಸಬಹುದು. ಒಂದು ಹಾಡನ್ನು ತೆಗೆದುಕೊಂಡು, ಮಾತನ್ನು ಬದಿಗಿಟ್ಟು, ಮಾತಿಲ್ಲದ ಎಡೆಗಳಲ್ಲಿ ಯಾವ ವಾದ್ಯ ಏನು ಹೇಳುತ್ತಿದೆಯೆಂದು ಗುರುತಿಸಲು ಮಕ್ಕಳಿಗೆ ಹೇಳಬಹುದು. ಕಥೆ ನಡೆಯುವ ಊರಿನವರು ಆ ಚಿತ್ರದಲ್ಲಿ ತಮ್ಮ ಭಾಷೆಯಲ್ಲಿ ಒಂದು ಮಾತನ್ನಾದರೂ ಆಡುತ್ತಾರೆಯೇ ಎಂದು ಕೇಳಬಹುದು. ಅದೇ ಭಾವದ ಒಂದು ಕನ್ನಡ ಕವಿತೆಯನ್ನೂ ನೆರೆಮನೆಯಿಂದ ಕೇಳಿ ತಂದ ಒಂದು ಮಾಂಡೊ ಹಾಡಿನ ಅರ್ಥವನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಅಲಂಕಾರಶಾಸ್ತ್ರದ ವಿಭಾವ, ಅನುಭಾವಗಳು ಪರೀಕ್ಷೆಗಾಗಿ ಉರುಹೊಡೆಯುವ ಪದಗಳಲ್ಲ, ನಿತ್ಯ ಕಿವಿಗೆ ಬೀಳುವ ಹಾಡಿಗೂ ಹೊಂದುವ ಮಾತುಗಳೆಂಬುದು ಆಗ ವಿದ್ಯಾರ್ಥಿಗಳಿಗೆ ತಾನಾಗಿ ಮನವರಿಕೆಯಾಗುವುದು.

ಇದರಲ್ಲಿ ನಮ್ಮ ಸ್ವಂತದ ಹಿತವೂ ಅಡಗಿದೆ. ಗೋವೆಯಲ್ಲಿರುವ ಕನ್ನಡಿಗರು ಬಹುಮಟ್ಟಿಗೆ ದುಡಿಯಲು ಬಂದವರು. ಕಲ್ಲು ಹೊತ್ತವರು, ರಸ್ತೆಗೆ ಡಾಂಬರು ಹಾಕಿದವರು, ಕಟ್ಟಡ ಎಬ್ಬಿಸಿದವರು, ಬಂದರಿನಲ್ಲಿ ಬೆವರು ಸುರಿಸಿದವರು. ಪ್ರಣಯಚಿತ್ರದ ಪ್ರೇಮಿಗಳು ಮೋಟಾರಿನಲ್ಲಿ ಹಾಡುತ್ತ ಸಾಗುವ ದಾರಿಯನ್ನು ಮಾಡಿದವರಲ್ಲಿ ನಮ್ಮವರೂ ಉಂಟು. ಚಿತ್ರದಲ್ಲಿ ಮಾತ್ರ ಅವರಿಲ್ಲ. ಕಾಣದೆ ಹೋಗುವುದರ ನೋವನ್ನು ಬಲ್ಲ ನಾವು ಇನ್ನೊಬ್ಬರನ್ನು ಕಾಣದೆ ಇರಬಾರದು. ಹಿಂದೀ ಚಿತ್ರವು ಗೋವೆಯನ್ನು ನೋಡಿದ ಹಾಗೆ ನಾವೂ ಈ ನೆಲವನ್ನು ಸಂಬಳ ಸಿಗುವ ಕಡಲತೀರವೆಂದು ನೋಡಿ, ಅದರ ಭಾಷೆಗೆ ಕಿವಿಗೊಡದೆ ದಿನ ಕಳೆದರೆ ಆ ಚಿತ್ರಗಳನ್ನು ಟೀಕಿಸುವ ಅಧಿಕಾರ ನಮಗಿರುವುದಿಲ್ಲ. ಕೊಂಕಣಿಯವರು ತಮ್ಮ ಸಂಗೀತಗಾರರ ಕಥೆಯನ್ನು ತಾವೇ ಹೇಳಿಕೊಳ್ಳತೊಡಗಿದ್ದಾರೆ. ಕ್ರಿಸ್ ಪೆರಿ ಮತ್ತು ಲೋರ್ನಾ ಅವರ ಬಾಳಿನಿಂದ ಪ್ರೇರಣೆ ಪಡೆದು ಬಾರ್ಡ್‌ರಾಯ್ ಬರೆಟ್ಟೊ ಮಾಡಿದ ‘ನಾಚೂಂಯಾ ಕುಂಪಾಸಾರ್’ ೨೦೧೪ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕೊಂಕಣಿ ಚಿತ್ರವೆನಿಸಿತು. ಅದೂ ಒಂದು ಪ್ರಣಯಚಿತ್ರವೇ. ಹಾಡುಗಳೇ ಅದರ ಪ್ರಾಣ. ಆದರೆ ಅಲ್ಲಿ ನುಡಿಸುವವರಿಗೆ ಮುಖವಿದೆ, ಹೆಸರಿದೆ, ಹಸಿವಿದೆ. ನಮ್ಮ ವಿದ್ಯಾರ್ಥಿ ಮಿತ್ರರು ತಮಗೆ ಪ್ರಿಯವಾದ ಹಿಂದೀ ಹಾಡನ್ನು ಬಿಡಬೇಕಾಗಿಲ್ಲ. ಅದನ್ನು ಕೇಳುವಾಗ ಅದರೊಳಗೆ ಪಿಟೀಲು ಹಿಡಿದು ಕುಳಿತ ನೆರೆಮನೆಯವನನ್ನು ಗುರುತಿಸಿದರೆ ಸಾಕು.